ದಾದಾಪೀರ್ ಯಾರು?

ಹಗರಿಬೊಮ್ಮನಹಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಊಟದ ಕೋಣೆಯಲ್ಲಿ ನಾನು ಮೊದಲ ಕಂತು ಓದಿ ಮುಗಿಸಿದಾಗ ಎಂಟು ಹುಡುಗಿಯರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ಹದಿಹರೆಯದವರು ಪ್ರೇಮಕಥೆ ಕೇಳಿ ಸುಮ್ಮನಿದ್ದರೆ ಎರಡೇ ಅರ್ಥ: ಅಳು ಬಂದಿದೆ, ಇಲ್ಲವೇ ಹಸಿವಾಗಿದೆ. ಅವತ್ತು ಎರಡನೆಯದು.

"ಹೆಂಗೈತಿ?" ಎಂದು ನಾನೇ ಕೇಳಿದೆ.

"ಚೊಲೋ ಐತ್ರಿ ಮೇಡಂ," ಎಂದಳು ಕೂಡ್ಲಿಗಿ ಕಡೆಯವಳು. ಆಮೇಲೆ ಧೈರ್ಯ ಮಾಡಿ, "ಆದ್ರ ಆಕಿ ಮಳಿಯಾಗ ತೊಯ್ಸಿಕೊಂಡ್ರೂ ಕೂದ್ಲ ಹಂಗಾ ಇರ್ತಾವಲ್ರಿ? ನಮ್ಮವಾದ್ರ ಕೋಳಿ ಪುಚ್ಚದಂಗ ಆಗ್ತಾವ," ಎಂದಳು.

ಎಲ್ಲರೂ ನಕ್ಕರು. ನಕ್ಕ ಮೇಲೆ ಬಾಯಿಗಳು ತೆರೆದವು. ನಾಯಕಿ ಕಪ್ಪಗಿರಲಿ, ಕನ್ನಡಕ ಇರಲಿ. ಅವಳಪ್ಪನಿಗೆ ಕಾರು ಬೇಡ. ಹುಡುಗನಿಗೆ ಬೈಕು ಇಲ್ಲದಿದ್ದರೂ ಸರಿ, ಸರಿಯಾಗಿ ಮಾತು ಬಾರದಿದ್ದರೂ ಸರಿ. "ಇಂಥಾ ಕಥಿ ಓದೋದು ಯಾಕ್ರಿ ಮೇಡಂ? ನಮ್ಮಂಥಾಕಿನ್ನ ಯಾರಾದ್ರೂ ಇಷ್ಟಪಟ್ಟಾರೇನು ಅಂತ ನೋಡಾಕ," ಎಂದಳು ಕಾನಹೊಸಹಳ್ಳಿಯವಳು. ಅವಳು ಒಂದು ಕಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಆ ಮಾತು ನನಗೆ ನಾಟಿತು. ಕೊಟ್ಟೂರಿಗೆ ಹಿಂತಿರುಗುವ ಬಸ್ಸಿನಲ್ಲೇ ಆ ಕಂತನ್ನು ಹರಿದೆ.

ಮೊಬೈಲಿನಲ್ಲಿ ಓದುವ ಒಂದು ಆ್ಯಪ್‌ಗೆ ಹದಿನಾರು ಕಂತುಗಳ ಕಾದಂಬರಿ ಬರೆದುಕೊಡಲು ಒಪ್ಪಿಕೊಂಡಿದ್ದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಕಂತು ಹೊರಬರಬೇಕು. ಕಳಿಸುವ ಮೊದಲು ಆ ವಯಸ್ಸಿನವರಿಗೆ ಓದಿ ಹೇಳಿ, ಅವರು ಎಲ್ಲಿ ಆಕಳಿಸುತ್ತಾರೆ ನೋಡಿ ಗುರುತು ಹಾಕಿಕೊಳ್ಳುವುದು ನನ್ನ ಪದ್ಧತಿ. ನಾನು ಕೊಟ್ಟೂರಿನ ಶಾಲೆಯಲ್ಲಿ ಶಿಕ್ಷಕಿ, ನನ್ನ ಗಂಡ ಅಲ್ಲೇ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಾರೆ. ಅವರಿಗೆ ಇದೆಲ್ಲ "ನಿನ್ನ ಹುಡುಗ್ರ ಕಥಿ". ಒಂದನ್ನೂ ಓದಿದವರಲ್ಲ, ನಾನೂ ಓದಿ ಎಂದವಳಲ್ಲ.

ಹೊಸ ನಾಯಕಿಗೆ ನಸ್ರೀನ್ ಎಂದು ಹೆಸರಿಟ್ಟೆ. ಹರಪನಹಳ್ಳಿಯ ಮೋಟಾರ್ ರಿಪೇರಿ ಅಂಗಡಿಯವನ ಮಗಳು, ಕಪ್ಪು, ದಪ್ಪ ಗಾಜಿನ ಕನ್ನಡಕ, ಅಪ್ಪನ ಜೊತೆ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಾಳೆ. ಹುಡುಗ ದಾದಾಪೀರ್, ಮೈಲಾರದ ಹತ್ತಿರ ಹೊಳೆದಂಡೆಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುವವನು, ತೊದಲು ಮಾತಿನವನು. ಇಬ್ಬರನ್ನೂ ಒಂದೇ ಜನದವರನ್ನಾಗಿ ಮಾಡಿದೆ. ಬೇರೆ ಬೇರೆ ಮಾಡಿದರೆ ಕಥೆ ಓದುವವರಿಗಿಂತ ಕಲ್ಲು ಎತ್ತಿಕೊಳ್ಳುವವರು ಮೊದಲು ಬರುತ್ತಾರೆ ಎಂಬ ಅಂಜಿಕೆ ನನಗಿತ್ತು. ಅದನ್ನು ಒಪ್ಪಿಕೊಳ್ಳುತ್ತೇನೆ.

ಎರಡನೆಯ ಶನಿವಾರ ಅದನ್ನು ಓದಿದಾಗ ಹಾಸ್ಟೆಲ್ಲಿನವಳಲ್ಲದ, ಊರೊಳಗಿನಿಂದ ಗೆಳತಿಯ ಜೊತೆ ಬಂದು ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ಬಿ.ಎ. ಕೊನೆಯ ವರ್ಷದವಳು. ಅದುವರೆಗೆ ತುಟಿ ಎರಡು ಮಾಡಿರಲಿಲ್ಲ.

"ಇದು ಸುಳ್ಳೈತ್ರಿ ಮೇಡಂ. ಹಳೇ ತಂತಿ ಕೀಳೋಕಿಂತ ಮೊದ್ಲು ಸುತ್ತು ಎಣಿಸ್ಕೋಬೇಕು. ತಂತಿ ಕೂಡ್ಸಾಕ ಕಬ್ಬಿಣದಾಗ ಗಾಡಿ ಕೊರದಿರ್ತಾರ, ಯಾವ ಗಾಡಿಯಿಂದ ಯಾವ ಗಾಡಿಗಿ ಹೋಗೈತಿ ಬರ್ಕೋಬೇಕು. ನಿಮ್ಮ ನಸ್ರೀನ್ ಸೀದಾ ಕಿತ್ತು ಒಗದ್ಲು. ಮತ್ತ ಕಾಗದ ತಂತಿ ಮ್ಯಾಲೆ ಹಾಕಿದ್ಲು. ಕಾಗದ ಮೊದ್ಲು ಕೆಳಗ ಹಾಕ್ಬೇಕ್ರಿ, ಇಲ್ಲಂದ್ರ ಸ್ವಿಚ್ ಒತ್ತಿದ ಕೂಡ್ಲೇ ಭುಸ್ ಅಂತೈತಿ."

"ನಿನಗ ಹೆಂಗ ಗೊತ್ತವ್ವ?"

ಅವಳು ಬಾಗಿಲ ಕಡೆ ನೋಡಿದಳು. ಉತ್ತರ ಕೊಟ್ಟಿದ್ದು ಎಲ್ಲರೂ ಊಟಕ್ಕೆ ಎದ್ದ ಮೇಲೆ. ಅವಳಪ್ಪ ಊರಿನ ಹಳೆಯ ಮೋಟಾರ್ ಮೆಕ್ಯಾನಿಕ್. ಅವರ ಹೆಸರು ಹೇಳಿದರೆ ಸುತ್ತಲ ಹಳ್ಳಿಯವರು ಕಣ್ಣು ಮುಚ್ಚಿಕೊಂಡು ಮೋಟಾರ್ ಇಳಿಸಿ ಹೋಗುತ್ತಿದ್ದರು. ಆದರೆ ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು. ಆ ಎರಡು ವರ್ಷ ಅಂಗಡಿಗೆ ಬಂದ ಒಂದೊಂದು ಮೋಟಾರನ್ನೂ ಪರದೆಯ ಹಿಂದೆ ಕೂತು ಸುತ್ತಿದವಳು ಇವಳು. ಗಿರಾಕಿಗಳಿಗೆ ಅದು ಗೊತ್ತಿರಲಿಲ್ಲ.

ಮೂರು ಭಾನುವಾರ ಆ ಪರದೆಯ ಹಿಂದೆ ನಾನು ಕೂತೆ. ಮುಂದಿನ ಕೋಣೆಯಲ್ಲಿ ಅವಳಪ್ಪ ಗಿರಾಕಿಗಳ ಜೊತೆ ಮಾತಾಡುತ್ತ, "ಮೇಡಂ ಕಥಿ ಬರೀತಾರಂತ, ಮೋಟಾರ್ ಹೆಂಗಿರ್ತೈತಿ ನೋಡಾಕ ಬಂದಾರ," ಎಂದು ನನಗೆ ಚಹಾ ಕಳಿಸುತ್ತಿದ್ದರು. ಒಳಗೆ ಇವಳು ಉಳಿಯಿಂದ ಸುಟ್ಟ ತಂತಿ ಕತ್ತರಿಸುತ್ತಿದ್ದಳು. ಕಬ್ಬಿಣದ ಒಳಮೈಯಲ್ಲಿ ಸುತ್ತಲೂ ಕೊರೆದ ಗಾಡಿಗಳನ್ನು ತಿಕ್ಕಿ, ಅಳತೆಗೆ ಮಡಿಸಿದ ಕಾಗದ ಕೂರಿಸಿ, ಮರದ ಅಚ್ಚಿನ ಮೇಲೆ ಹೊಸ ತಾಮ್ರದ ಸುರುಳಿ ಸುತ್ತುತ್ತಿದ್ದಳು. ಸುತ್ತುವಾಗ ಯಾರೂ ಮಾತಾಡಿಸಬಾರದು. ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ. ಸುರುಳಿಗಳನ್ನು ಕೂರಿಸಿದ ಮೇಲೆ ಹೊರಗೆ ಚಾಚಿದ ತಂತಿಗಳನ್ನು ಒಟ್ಟಿಗೆ ಬಿಗಿದು ಕಟ್ಟಬೇಕು. ಎಲ್ಲರೂ ಬಿಳಿ ಪಟ್ಟಿ ಕಟ್ಟುತ್ತಾರೆ. ಇವಳು ಕೆಂಪು ಲಾಡಿ ಕಟ್ಟುತ್ತಿದ್ದಳು. ಅವಳಮ್ಮ ಸಲ್ವಾರ್ ಹೊಲಿಯುತ್ತಿದ್ದರು. ಒಮ್ಮೆ ಪಟ್ಟಿ ಮುಗಿದಾಗ ಅಮ್ಮನ ಡಬ್ಬಿಯಲ್ಲಿದ್ದ ಹತ್ತಿಯ ಲಾಡಿ ತುಂಡು ಕಟ್ಟಿ ನೋಡಿದ್ದಳು. ಬಿಸಿಗೆ ಕರಗಲಿಲ್ಲ, ಸಡಿಲವಾಗಲಿಲ್ಲ. ಅಂದಿನಿಂದ ಅದೇ ಅಭ್ಯಾಸ, ಮೂರು ಗಾಡಿಗೊಂದು ಜೋಡಿ ಗಂಟು.

ಅವಳು ನನ್ನಿಂದ ಕೇಳಿದ್ದು ಒಂದೇ ಮಾತು. "ನಮ್ಮ ಅಂಗಡಿ ಅಂತ ಗೊತ್ತಾಗಬಾರ್ದು ನೋಡ್ರಿ ಮತ್ತ."

"ಹುಚ್ಚಿ, ಕಥಿಯಾಗ ಅಂಗಡಿ ಹರಪನಹಳ್ಳ್ಯಾಗ ಐತಿ," ಎಂದೆ ನಾನು.

ನಾಲ್ಕನೆಯ ಕಂತಿನ ಹೊತ್ತಿಗೆ ಕಥೆಯ ಕೆಳಗಿನ ಟಿಪ್ಪಣಿಗಳನ್ನು ಓದಲು ನನಗೆ ಬಿಡುವು ಸಾಲದಾಯಿತು. ನನ್ನ ತಮ್ಮನೂ ತೊದಲುತ್ತಾನೆ, ದಾದಾಪೀರನ ಮಾತು ಅವನಿಗೆ ಓದಿ ಹೇಳಿದೆ, ಮೊದಲ ಸಲ ತನ್ನ ತೊದಲಿಗೆ ತಾನೇ ನಕ್ಕ ಎಂದು ಹಡಗಲಿಯ ಹುಡುಗಿಯೊಬ್ಬಳು ಬರೆದಳು. ಕನ್ನಡಕ ಹಾಕಿಕೊಂಡೇ ಫೋಟೋ ತೆಗೆಸಿಕೊಂಡೆ ಎಂದಳು ಇನ್ನೊಬ್ಬಳು. ನಾನು ಉಬ್ಬಿದೆ. ಶಾಲೆಯಲ್ಲಿ ಪಾಠ ಮಾಡುತ್ತಲೇ ಮೇಜಿನ ಕೆಳಗೆ ಫೋನ್ ನೋಡಿ ಮಕ್ಕಳ ಕೈಗೆ ಸಿಕ್ಕಿಬಿದ್ದೆ.

ಒಂಬತ್ತನೆಯ ಕಂತಿನಲ್ಲಿ ಹೊಳೆದಂಡೆಯ ಪಂಪು ಸುಡುತ್ತದೆ. ಬೇರೆ ಮೆಕ್ಯಾನಿಕ್ ಬಂದು ಮೋಟಾರ್ ಬಿಚ್ಚಿದಾಗ ದಾದಾಪೀರನಿಗೆ ಒಳಗೆ ಕೆಂಪು ಲಾಡಿಯ ಜೋಡಿ ಗಂಟುಗಳು ಕಾಣುತ್ತವೆ. ಇದು ನಸ್ರೀನಳ ಕೈ ಎಂದು ಗೊತ್ತಾಗುತ್ತದೆ. ಹೆಸರು ಬಾಯಿಗೆ ಬರುವುದಿಲ್ಲ. ಎಂದಿನಂತೆ ಬೆರಳಿಂದ ಕಬ್ಬಿಣದ ಮೇಲೆ ಮೂರು ಸಲ ತಟ್ಟಿ, ಆಮೇಲೆ ಹೇಳುತ್ತಾನೆ. ಆ ಕಂತಿನಷ್ಟು ಚೆನ್ನಾಗಿ ನಾನು ಬೇರೇನೂ ಬರೆದಿರಲಿಲ್ಲ. ಲಾಡಿಯನ್ನು ತೆಗೆಯಬೇಕೇನೋ ಎಂದು ಒಮ್ಮೆ ಅನ್ನಿಸಿತ್ತು. ತೆಗೆಯಲು ಮನಸ್ಸು ಬರಲಿಲ್ಲ.

ಶುಕ್ರವಾರ ಅದು ಹೊರಬಂತು. ಭಾನುವಾರ ಮಧ್ಯಾಹ್ನ ಟಿಪ್ಪಣಿಗಳ ನಡುವೆ ಒಂದು ಫೋಟೋ ಇತ್ತು. ಮುಚ್ಚಳ ಬಿಚ್ಚಿದ ಮೋಟಾರ್, ಒಳಗೆ ವಾರ್ನಿಷ್ ಕುಡಿದು ಕಂದಿದ ಕೆಂಪು ಗಂಟುಗಳು. ಕೆಳಗೆ ಹಗರಿಬೊಮ್ಮನಹಳ್ಳಿ ಹತ್ತಿರದ ಹಳ್ಳಿಯ ಪಿ.ಯು. ಹುಡುಗಿಯೊಬ್ಬಳು ಬರೆದಿದ್ದಳು: "ಅಪ್ಪನ ಕಾಡಿ ಕಾಡಿ ನಮ್ಮ ಮೋಟಾರ್ ಬಿಚ್ಚಿಸಿದೆ. ನಸ್ರೀನ್ ಕಥೆಯಲ್ಲಿಲ್ಲ, ನಮ್ಮ ಊರಾಗ ಅದಾಳ!" ಹಿಂದೆಯೇ ಅಂಗಡಿಯ ಹೆಸರು.

ಆ ಮಗುವಿಗೆ ಕೆಟ್ಟ ಬುದ್ಧಿ ಇರಲಿಲ್ಲ. ತನ್ನಂಥವಳೊಬ್ಬಳು ನಿಜಕ್ಕೂ ಇದ್ದಾಳೆಂದು ಕುಣಿದಾಡಿತ್ತು, ಅಷ್ಟೇ. ಅದರ ಕೆಳಗೆ ಸಾಲುಗಟ್ಟಿ ಒಂದೇ ಪ್ರಶ್ನೆ ಬಂತು: ಹಾಗಾದರೆ ದಾದಾಪೀರ್ ಯಾರು?

ಸಂಜೆಯೊಳಗೆ ಆ ಫೋಟೋ ರೈತರ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಅಲ್ಲಿ ಕಥೆ ಓದಿದವರು ಯಾರೂ ಇರಲಿಲ್ಲ. ಇಷ್ಟು ದಿನ ನಮ್ಮ ಮೋಟಾರ್ ಹುಡುಗಿ ಕಟ್ಟುತ್ತಿದ್ದಳಂತೆ ಎಂದು ಕೆಲವರು, ಲಾಡಿ ಮೋಟಾರ್ ಎಂದು ನಗುವ ಗೊಂಬೆ ಹಾಕಿದವರು ಕೆಲವರು. ಹೊಳೆದಂಡೆಯ ಹುಡುಗನ ಜೊತೆ ಅವಳದು ಎಷ್ಟು ದಿನದಿಂದ ನಡೆದಿದೆ ಎಂದು ವಿಚಾರಿಸಿದವರು ಇನ್ನು ಕೆಲವರು. ಲಾಡಿ ನಿಜವಾದ ಮೇಲೆ ಹುಡುಗನೂ ನಿಜವೇ ಆಗಬೇಕಲ್ಲ!

ಸೋಮವಾರ ಅವಳು ಕಾಲೇಜಿಗೆ ಬರಲಿಲ್ಲ. ಗೆಳತಿ ಫೋನ್ ಮಾಡಿ, "ಆಕಿ ಫೋನ್ ಕಸ್ಗೊಂಡಾರ್ರಿ. ಗುರುವಾರ ಹರಪನಹಳ್ಳಿಯಿಂದ ಚಿಕ್ಕಪ್ಪ ಬಂದು ಕರ್ಕೊಂಡು ಹೋಗ್ತಾರಂತ. ಕಾಲೇಜು ಸಾಕು, ಅಂಗಡಿ ಸಾಕು ಅಂದಾರಂತ," ಎಂದಳು.

ಗಾಬರಿಯಲ್ಲಿ ಮೊದಲು ಮಾಡಿದ್ದು ತಪ್ಪು ಕೆಲಸ. ಆ್ಯಪ್‌ನ ಸಂಪಾದಕಿಗೆ ಫೋನ್ ಮಾಡಿ ಒಂಬತ್ತನೆಯ ಕಂತನ್ನು ತೆಗೆಸಿದೆ. "ಯೋಚನೆ ಮಾಡಿ, ತೆಗೆದರೆ ಇನ್ನೂ ದೊಡ್ಡದಾಗುತ್ತೆ," ಎಂದರು ಅವರು. ನಾನು ಕೇಳಲಿಲ್ಲ. ಮಧ್ಯಾಹ್ನಕ್ಕೆ ತೆಗೆದರು. ಎರಡು ತಾಸಿನಲ್ಲಿ ಅದೇ ಕಂತಿನ ಚಿತ್ರಗಳು ಫೋನಿಂದ ಫೋನಿಗೆ ಓಡಾಡಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ತೆಗೆದಾರ ಅಂದ್ರ ಖರೇನ ಇರ್ಬೇಕು ಎಂದರು ಜನ.

ಮಂಗಳವಾರ ಶಾಲೆಗೆ ರಜೆ ಹಾಕಿ ಅಂಗಡಿಗೆ ಹೋದೆ. ಅವಳಪ್ಪ ಒಬ್ಬರೇ ಕೂತಿದ್ದರು. ಎಂದೂ ನಾಲ್ಕೈದು ಮೋಟಾರ್ ಇರುತ್ತಿದ್ದ ಕಟ್ಟೆಯ ಮೇಲೆ ಎರಡು ಮಾತ್ರ ಇದ್ದವು. ಪರದೆ ಇಳಿಬಿಟ್ಟಿತ್ತು. ನನ್ನನ್ನು ನೋಡಿ ಎದ್ದು ನಿಂತರು. ಅದೇ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಕೂಡ್ರಿ ಮೇಡಂ. ಚಹಾ ತರ್ಸಲಾ?"

"ಬ್ಯಾಡ್ರಿ. ನಂದಾ ತಪ್ಪು. ಹೆಂಗ ಸರಿ ಮಾಡ್ಲಿ ಹೇಳ್ರಿ."

ಅವರು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. "ನಾ ಓದಿದಾಂವಲ್ಲ. ನೀವು ಏನು ಬರ್ದೀರೋ ನನಗ ಗೊತ್ತಿಲ್ಲ. ನನ್ನ ಮಗಳು ಎಂಥಾಕಿ ಅಂತ ಗೊತ್ತೈತಿ. ಆದ್ರ ಜನಕ್ಕ ಹೆಂಗ ಹೇಳ್ಲಿ? ಎಲ್ಲಾ ಸುಳ್ಳು ಅಂತ ಬರೀರಿ. ನಮ್ಮ ಅಂಗಡ್ಯಾಗ ಹುಡುಗಿ ಕೆಲಸ ಮಾಡಾಂಗಿಲ್ಲ, ಲಾಡಿ ಕಟ್ಟೋದು ನಾನಾ ಅಂತ ಬರೀರಿ."

ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ. ಬಸ್ ನಿಲ್ದಾಣ ಮುಟ್ಟುವುದರೊಳಗೆ ಗೆಳತಿಯ ಫೋನಿನಿಂದ ಒಂದು ಧ್ವನಿ ಸಂದೇಶ ಬಂತು. ಗೆಳತಿ ಪುಸ್ತಕ ಕೊಡುವ ನೆಪದಲ್ಲಿ ಅಂಗಡಿಗೆ ಅಂಟಿಕೊಂಡಿದ್ದ ಅವರ ಮನೆಗೆ ಹೋಗಿದ್ದಳು, ಪರದೆಯಾಚೆಗೆ ನಮ್ಮ ಮಾತೆಲ್ಲ ಕೇಳಿಸಿತ್ತು. ಧ್ವನಿ ಅವಳದೇ, ಮೆಲ್ಲಗೆ, ಅವಸರದಲ್ಲಿ.

"ಮೇಡಂ, ಅಪ್ಪ ಹೇಳಿದ್ದು ಬರೀಬ್ಯಾಡ್ರಿ. ಎರಡು ವರ್ಷದಾಗ ನಾ ಕಟ್ಟಿದ್ದು ಒಂದು ಮೋಟಾರೂ ತಿರುಗಿ ಬಂದಿಲ್ಲ. ಅದನ್ನ ಸುಳ್ಳು ಅಂದ್ರ ನನಗ ಉಳಿಯೋದೇನೈತ್ರಿ? ಹುಡುಗ ಸುಳ್ಳು ಅಂತ ಬರೀರಿ. ಅದಷ್ಟಾ ಸುಳ್ಳು."

ಬಸ್ಸಿನ ಗದ್ದಲದಲ್ಲಿ ಅದನ್ನು ಮೂರು ಸಲ ಕೇಳಿದೆ. ಅಪ್ಪನಿಗೆ ಒಂದು ಮಾತು ಕೊಟ್ಟಿದ್ದೆ, ಮಗಳು ಅದರ ವಿರುದ್ಧದ್ದನ್ನು ಕೇಳುತ್ತಿದ್ದಳು. ನಡುವೆ ಇದ್ದದ್ದು ಬುಧವಾರ ಒಂದೇ.

ಬುಧವಾರ ಶಾಲೆಯಲ್ಲಿ ಕೊನೆಯ ಎರಡು ಪೀರಿಯಡ್ ಬಿಡುವಿತ್ತು. ಶಿಕ್ಷಕರ ಕೋಣೆಯಲ್ಲಿ ಕೂತು ಓದುಗರಿಗೆ ಒಂದು ಪತ್ರ ಬರೆಯತೊಡಗಿದೆ. "ಈ ಕಥೆಯ ಪಾತ್ರಗಳೆಲ್ಲ ಕಾಲ್ಪನಿಕ" ಎಂಬುದು ಮೊದಲ ಪ್ರಯತ್ನ. ಎಲ್ಲ ಕಾದಂಬರಿಗಳ ಮೊದಲ ಪುಟದಲ್ಲೂ ಇರುವ ಸಾಲು ಅದು, ಅದನ್ನು ನಂಬಿ ಯಾರೂ ಕೆಟ್ಟಿಲ್ಲ. ಎರಡನೆಯದರಲ್ಲಿ, ಕೆಲಸದ ವಿವರ ಮಾತ್ರ ಒಬ್ಬ ನುರಿತ ಹುಡುಗಿಯಿಂದ ಕಲಿತದ್ದು, ಪ್ರೇಮ ಪೂರ್ತಿ ನನ್ನ ಕಲ್ಪನೆ ಎಂದು ಬರೆದೆ. ಇದು ಸರಿಯೆನ್ನಿಸಿತು. ಕಳಿಸುವ ಮುಂಚೆ ಓದುಗರು ಏನು ಅನ್ನಬಹುದು ಎಂದು ಮೊದಲ ಕಂತುಗಳ ಹಳೆಯ ಟಿಪ್ಪಣಿಗಳನ್ನು ತಿರುವಿ ನೋಡಿದೆ. ಅಲ್ಲಿ ಹಡಗಲಿಯ ಹುಡುಗಿ, ತಮ್ಮನಿಗೆ ಕಥೆ ಓದಿ ಹೇಳಿದವಳು, ಹೀಗೆ ಬರೆದಿದ್ದಳು: "ತೊದಲುವವರು ಮಾತಿಗೆ ಮುಂಚೆ ಹಿಂಗ ಬೆರಳು ತಟ್ಟುತ್ತಾರ ಅಂತ ಹತ್ತಿರ ಇದ್ದು ನೋಡಿದವರಿಗೆ ಮಾತ್ರ ಗೊತ್ತು. ಇವನನ್ನ ಯಾರೋ ಭಾಳ ದಿನ ನೋಡ್ಯಾರ."

ನೋಡಿದ್ದೆ. ನಾನು ನೋಡಿದ್ದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಡಗಲಿಯಲ್ಲಿ ಶಿಕ್ಷಕರ ತರಬೇತಿಗಿದ್ದಾಗ, ಸಹಪಾಠಿಯೊಬ್ಬ ಇದ್ದ. ಒತ್ತಕ್ಷರದ ಮಾತು ಬಂದಾಗ ಬೆಂಚಿನ ಅಂಚಿಗೆ ಬೆರಳು ತಟ್ಟಿ, ಆಮೇಲೆ ಮಾತಾಡುತ್ತಿದ್ದ. ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ. ಎರಡು ವರ್ಷ ಹಾಗೆ ತಟ್ಟಿಸಿಕೊಂಡು ನನ್ನ ಹೆಸರು ಕೇಳಿದ್ದೇನೆ. ಆಮೇಲೆ ನಮ್ಮ ಮನೆಯವರು ಕೊಟ್ಟೂರಿನ ಸಂಬಂಧ ಗೊತ್ತು ಮಾಡಿದರು. ಅವನು ಏನೋ ಹೇಳಲು ಬಂದ ದಿನ ಬರೀ ತಟ್ಟುತ್ತಲೇ ಇದ್ದ, ಮಾತು ಹೊರಡುವ ಮೊದಲೇ ನಾನು ಬಸ್ಸು ಹತ್ತಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈಗ ನನಗೆ ನನ್ನ ಮೇಲೆ ಹೇಸಿಗೆ ಬಂತು. ಅವನನ್ನು ಕಥೆಗೆ ತರುವಾಗ ಎಷ್ಟು ಜಾಣತನ ಮಾಡಿದ್ದೆ! ಜಾತಿ ಬದಲಿಸಿದೆ, ಹೆಸರು ಬದಲಿಸಿದೆ, ತರಬೇತಿ ಕಾಲೇಜಿನಿಂದ ಎತ್ತಿ ಹೊಳೆದಂಡೆಗೆ ಹಾಕಿದೆ. ಹೆತ್ತ ತಾಯಿಗೂ ಗುರುತು ಸಿಗಬಾರದು ಹಾಗೆ. ನನ್ನ ಗುಟ್ಟಿಗೆ ನಾಲ್ಕು ಸುತ್ತು ಬಟ್ಟೆ ಸುತ್ತಿದವಳು, ನನ್ನನ್ನು ನಂಬಿ ಪರದೆ ಸರಿಸಿದ ಹುಡುಗಿಯ ಗುಟ್ಟಿಗೆ ಊರಿನ ಹೆಸರೊಂದನ್ನು ಬದಲಿಸಿ ಕೈ ತೊಳೆದುಕೊಂಡಿದ್ದೆ. ಹುಡುಗ ಸುಳ್ಳು ಎಂದು ಬರೆದರೆ ನಂಬುವವರು ಯಾರು? ಹುಡುಗ ನಿಜ, ಆದರೆ ನನ್ನವನು ಎಂದರೆ ನಂಬುತ್ತಾರೆ.

ಪತ್ರ ಬರೆದು ಸಂಪಾದಕಿಗೆ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿದರು. "ಇದನ್ನು ಹಾಕಲೇಬೇಕಾ? ನಿಮ್ಮ ಮನೆಯಲ್ಲಿ ಗೊತ್ತಾ?"

"ಗೊತ್ತಿಲ್ಲ. ಹತ್ತನೆಯ ಕಂತಿನ ಬದಲು ಶುಕ್ರವಾರ ಇದೇ ಬರಲಿ," ಎಂದೆ.

ಆದರೆ ಶುಕ್ರವಾರ ತಡವಾಗುತ್ತಿತ್ತು. ಲಾಡಿ ಮೋಟಾರ್ ಎಂದು ನಕ್ಕವರು ಆ ಪತ್ರವನ್ನು ಓದುವವರೂ ಅಲ್ಲ. ಗುರುವಾರ ಬೆಳಿಗ್ಗೆ ಗಂಡನಿಗೆ ಶಾಲೆಯ ಕೆಲಸ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ನಿಜ ಹೇಳಲು ಹೊರಟವಳು ಸುಳ್ಳಿನಿಂದಲೇ ಆರಂಭಿಸಿದ್ದೆ.

ಅಂಗಡಿಯಲ್ಲಿ ಜನ ಇದ್ದರು. ಕಟ್ಟೆಯ ಮೇಲಿನ ಎರಡು ಮೋಟಾರುಗಳ ಒಡೆಯರು ಬಂದಿದ್ದರು: ಹೆಗಲ ಮೇಲೆ ಟವೆಲ್ಲಿನ ವಯಸ್ಸಾದವರೊಬ್ಬರು, ಗಡ್ಡ ಬಿಟ್ಟ ಯುವಕನೊಬ್ಬ. ಇನ್ನಿಬ್ಬರು ಸುಮ್ಮನೆ ತಮಾಷೆ ನೋಡಲು ಬಂದಂತಿತ್ತು. ಚಿಕ್ಕಪ್ಪ ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅವರ ಕಾಲ ಬಳಿ ಒಂದು ಬಟ್ಟೆಯ ಚೀಲ ತುಂಬಿ ನಿಂತಿತ್ತು. ಅದು ಅವಳದು ಎಂದು ನೋಡಿದ ಕೂಡಲೇ ಗೊತ್ತಾಯಿತು.

ಅವಳಪ್ಪ, "ಬರ್ದ್ರಾ ಮೇಡಂ?" ಎಂದರು.

"ಬರ್ದೀನ್ರಿ. ಆದ್ರ ನೀವು ಹೇಳಿದ್ದನ್ನ ಬರ್ದಿಲ್ಲ. ಇವ್ರೆಲ್ಲರ ಮುಂದ ಬಾಯಿಲೆ ಹೇಳಾಕ ಬಂದೀನಿ."

ನಿಂತುಕೊಂಡೇ ಹೇಳಿದೆ. ಆ ಕಥೆ ಬರೆದವಳು ನಾನು. ಮೋಟಾರಿನ ಕೆಲಸವನ್ನು ಈ ಮನೆಯ ಮಗಳ ಹತ್ತಿರ ಕಲಿತೆ, ಕೆಲಸ ಬಿಟ್ಟು ಬೇರೇನೂ ಅವಳದಲ್ಲ. "ಆ ಹುಡುಗ ಈಕಿ ಹುಡುಗಲ್ಲ. ಇಪ್ಪತ್ತೈದು ವರ್ಷದ ಹಿಂದ ಹಡಗಲಿಯಾಗ ನನ್ನ ಜೋಡಿ ಓದ್ತಿದ್ದ ಹುಡುಗ. ಇಷ್ಟಪಟ್ಟಾಕಿ ನಾನು."

ಚಿಕ್ಕಪ್ಪ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ ಇಳಿಸಿದರು.

"ನಮ್ಮ ಹುಡುಗಿನ್ನ ಉಳಿಸ್ಬೇಕು ಅಂತ ಹೇಳ್ತಿದೀರಿ ನೀವು. ಸುಳ್ಳು ಐತೆ ಇದು. ಏನ್ ಅವನ ಹೆಸರು?"

"ಹೆಸರು ಹೇಳಾಂಗಿಲ್ರಿ. ಅವ್ರಿಗೂ ಮನಿ ಮಕ್ಕಳು ಇರ್ತಾರ. ಒಬ್ರ ಗುಟ್ಟು ಬಯಲು ಮಾಡಿ ಬಂದಾಕಿ, ಇನ್ನೊಬ್ರದು ಮಾಡಲ್ಲ."

"ಮತ್ತೆ ನಂಬೋದು ಹೆಂಗೆ?"

ಟವೆಲ್ಲಿನ ಹಿರಿಯರು ಅಷ್ಟು ಹೊತ್ತಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. "ತಂಗಿ, ನೀನು ಕೊಟ್ಟೂರು ಬೀಜದಂಗಡಿ ಸಾವ್ಕಾರ್ರ ಹೆಂಡ್ತಿ ಅಲ್ಲೇನವ್ವ? ಅಂಗಡ್ಯಾಗ ಫೋಟೋ ನೋಡೀನಿ. ಮುಂಗಾರಿಗಿ ಬೀಜ ತರೋದು ಅಲ್ಲೇ ನಾವು."

ಅಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಹೌದ್ರಿ," ಎಂದೆ.

ಅವರು ಚಿಕ್ಕಪ್ಪನ ಕಡೆ ತಿರುಗಿದರು. "ಯಾವ ಹೆಣ್ಮಗಳು ತನ್ನ ಸಂಸಾರ ಇಟ್ಕೊಂಡು ತನ್ನ ಮ್ಯಾಲೆ ತಾನಾ ಇಂಥಾದ್ದು ಹೇಳ್ಕಂತಾಳೋ ತಮ್ಮಾ? ಬಿಡು."

ಅಂಗಡಿ ಒಂದು ಕ್ಷಣ ಸಡಿಲವಾಯಿತು. ಆದರೆ ಗಡ್ಡದ ಯುವಕ ಬಿಡಲಿಲ್ಲ. "ಹುಡುಗನ ಮಾತು ಬಿಡ್ರಿ. ನಮಗೇನು ಅದು? ಮೋಟಾರ್ ಕಟ್ಟೋದು ಹುಡುಗಿನಾ ಅಲ್ಲಾ, ಅದನ್ನ ಹೇಳ್ರಿ. ನಾವು ನಿಮ್ಮ ಕೈ ನಂಬಿ ಬರ್ತೀವಿ."

ಅವಳಪ್ಪ ನನ್ನನ್ನು ನೋಡಿದರು. ಆ ನೋಟವನ್ನು ಹೇಗೆ ಹೇಳಲಿ, ಅದರಲ್ಲಿ ಸಿಟ್ಟೂ ಇತ್ತು. ಆಮೇಲೆ ಎರಡು ವರ್ಷ ಗಿರಾಕಿಗಳೆದುರು ಕಿಸೆಯಲ್ಲೋ ಟವೆಲ್ಲಿನ ಕೆಳಗೋ ಇರುತ್ತಿದ್ದ ಬಲಗೈಯನ್ನು ಎಲ್ಲರ ಮುಂದೆ ಚಾಚಿದರು. ಕೈ ತೋಳಿನವರೆಗೂ ನಡುಗುತ್ತಿತ್ತು.

"ಈ ಕೈಯಾಗ ತಂತಿ ನಿಂದರ್ತಾವೇನು ನೀವಾ ನೋಡ್ರಿ. ಎರಡು ವರ್ಷಾತು ನಾ ಒಂದು ಸುರುಳಿ ಕೂಡ್ಸಿಲ್ಲ. ಎಲ್ಲಾ ಆಕೀನಾ. ಯಾರ ಮೋಟಾರ್ ತಿರುಗಿ ಬಂದೈತಿ ಹೇಳ್ರಿ. ಆಕಿ ಕೈ ಬ್ಯಾಡಂದ್ರ ಎತ್ಗೊಂಡು ಹೋಗ್ರಿ, ನನಗೇನು ಬ್ಯಾಸರಿಲ್ಲ."

ಯುವಕ ತನ್ನ ಮೋಟಾರನ್ನು ಎತ್ತಿಕೊಂಡ. ಬೈಕಿನ ಹಿಂದೆ ಹಗ್ಗದಿಂದ ಬಿಗಿಯುವಾಗ ಅವನಿಗೆ ಯಾರೂ ಕೈ ಹಚ್ಚಲಿಲ್ಲ. ಅವನು ಹೋದ ಮೇಲೆ ಟವೆಲ್ಲಿನ ಹಿರಿಯರು ಪರದೆಯ ಕಡೆ ಮುಖ ಮಾಡಿ, "ತಂಗೀ, ನಂದು ಎಂದು ಕೊಡ್ತಿ?" ಎಂದರು.

ಪರದೆ ಸರಿಯಿತು. ಅವಳು ಹೊರಗೆ ಬಂದು ಮೋಟಾರಿನ ಮುಚ್ಚಳ ಎತ್ತಿ, ಬಗ್ಗಿ ನೋಡಿ, ಮೂಸಿ, "ಪೂರಾ ಸುಟ್ಟೈತ್ರಿ. ಶನಿವಾರ ಸಂಜೀಕ ಬರ್ರಿ, ವಾರ್ನಿಷ್ ಒಣಗಬೇಕು," ಎಂದಳು.

ಚಿಕ್ಕಪ್ಪ ಎದ್ದರು. ಅಣ್ಣನ ಹತ್ತಿರ ಉರ್ದುವಿನಲ್ಲಿ ಏನೋ ಅಂದು, ಚೀಲವನ್ನು ಅಲ್ಲೇ ಬಿಟ್ಟು ಹೊರಟರು. ಸಿಟ್ಟು ಇಳಿದಿರಲಿಲ್ಲ. ಕಾಲೇಜಿನ ವಿಷಯ ಅವಳಪ್ಪ ತಾವಾಗಿಯೇ ಹೇಳಿದರು, ಸೋಮವಾರದಿಂದ ಹೋಗಲಿ ಎಂದು.

ನಾನು ಅವಳ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅಳು ಬಂತು, ತಡೆದುಕೊಳ್ಳಲಿಲ್ಲ. ಅವಳು ಉಳಿ ಹುಡುಕುತ್ತಿದ್ದಳು.

"ಆತು ಬಿಡ್ರಿ," ಎಂದಳು. ಉಳಿ ಸಿಕ್ಕ ಮೇಲೆ, ನನ್ನನ್ನು ನೋಡದೆ, "ಆದ್ರ ಇನ್ನ ಮ್ಯಾಲೆ ನಾ ನಿಮಗ ಏನೂ ಹೇಳಾಂಗಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು.

ಹೇಳಲೂ ಇಲ್ಲ. ಉಳಿದ ಕಂತುಗಳಲ್ಲಿ ನಸ್ರೀನ್ ಮೋಟಾರ್ ಮುಟ್ಟುವ ಒಂದು ಸನ್ನಿವೇಶವನ್ನೂ ನನಗೆ ಬರೆಯಲಾಗಲಿಲ್ಲ. ಕಥೆ ಅಲ್ಲಿಂದ ಕಳೆಗುಂದಿತು ಎಂದು ಓದುಗರು ದೂರಿದರು. ಅವರ ಮಾತು ಸರಿ.

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬಸ್ಸಿಗಿಂತ ಫೋನು ಬೇಗ ಮುಟ್ಟುತ್ತದೆ. ನಾನು ಮನೆಗೆ ಬಂದಾಗ ಗಂಡ ಆ ಹೊತ್ತಿನಲ್ಲಿ ಅಂಗಡಿಯಲ್ಲಿರಬೇಕಾದವರು ನಡುಮನೆಯಲ್ಲಿದ್ದರು. ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. "ಶಾಲಿ ಕೆಲಸ ಮುಗೀತಾ?" ಎಂದಷ್ಟೇ ಅವರು ಕೇಳಿದರು. ಆಮೇಲೆ ಮೂರು ದಿನ ಮಾತಿಲ್ಲ. ಬೈಯಲಿಲ್ಲ, ಕೂಗಾಡಲಿಲ್ಲ, ನನ್ನ ಫೋನ್ ಎತ್ತಿಕೊಂಡು ಮೊದಲ ಕಂತಿನಿಂದ ಓದಲು ಕೂತರು. ಓದುವುದು ನಿಧಾನ, ಗೊಬ್ಬರದ ಚೀಲದ ಮೇಲಿನ ಸೂಚನೆ ಓದುವ ಹಾಗೆ ಒಂದೊಂದೇ ಸಾಲು. ಶುಕ್ರವಾರ ಹೊರಬಂದ ನನ್ನ ಪತ್ರವನ್ನೂ ಓದಿದರು. ನಾನು ಅಡುಗೆಮನೆಯಿಂದ ಅವರ ಬೆನ್ನನ್ನು ನೋಡುತ್ತ ಆ ದಿನಗಳನ್ನು ಹೇಗೆ ಕಳೆದೆನೋ.

ಭಾನುವಾರ ಬೆಳಿಗ್ಗೆ ಫೋನನ್ನು ನನ್ನ ಮುಂದೆ ಇಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ನಿನ್ನ ನೋಡಾಕ ಬಂದಾಗ ಮೂರು ಸಲ ಮಾತಾಡ್ಸಿದ್ನಿ," ಎಂದರು. "ನೀ ತಲಿ ಎತ್ತಲಿಲ್ಲ. ನಾಚಿಕಿ ಅಂತ ತಿಳ್ಕಂಡ್ನಿ. ಹೊರಗ ಬಂದು ನಮ್ಮಪ್ಪಗ ಹೇಳಿದ್ನಿ, ಹುಡುಗಿ ಭಾಳ ನಾಚಿಕಿ ಸ್ವಭಾವದಾಕಿ, ಅದಕ್ಕಾ ನನಗ ಹಿಡಿಸ್ಯಾಳ ಅಂತ."